ಬಿದ್ದದ್ದು ಬಗ್ಗಿದವಳಿಗೆ

“ಬಿಚ್ಚೇ ಗಂಟು! ನಿನಗೇ ಹೇಳ್ತಿರೋದು, ಕಳ್ಳ ಮುಂಡೆ!”

ಮೇಸ್ತ್ರಿ ಕೋಲಿನಿಂದ ತಲೆಮೇಲಿನ ಗಂಟನ್ನು ತಿವಿದ ರಭಸಕ್ಕೆ ಕರಿಯಕ್ಕನ ಕತ್ತು ಉಳುಕಿದಂತಾಯಿತು. ಬಂದರಿನಲ್ಲಿ ಕಲ್ಲಿದ್ದಲು ಗುಡಿಸುವ ಹೆಂಗಸರೆಲ್ಲ ಸಂಜೆ ಹೊತ್ತಿಗೆ ಕರ್ರಗೇ ಇರುತ್ತಾರೆ, ಆದರೂ ಆ ಹೆಸರು ಅಂಟಿಕೊಂಡದ್ದು ಇವಳೊಬ್ಬಳಿಗೆ. ಹಡಗಿನಿಂದ ಕಲ್ಲಿದ್ದಲು ಹೊತ್ತು ಓಡುವ ರಬ್ಬರ್ ಪಟ್ಟಿಯ ಕೆಳಗೆ ಉದುರಿದ್ದನ್ನು ಬಗ್ಗಿ ಗುಡಿಸಿ ರಾಶಿ ಹಾಕುವುದು ಇವರ ಕೆಲಸ. ಕೆಲಸ ಮುಗಿದ ಮೇಲೆ ಆ ರಾಶಿಯಿಂದ ಒಂದು ತಲೆಬಟ್ಟೆ ತುಂಬುವಷ್ಟು ಅವರವರ ಒಲೆಗೆ. ‘ಬಿದ್ದದ್ದು ಬಗ್ಗಿದವಳಿಗೆ’ ಅನ್ನುವುದು ಅವಳ ಅತ್ತೆಯ ಕಾಲಕ್ಕೂ ಹಿಂದಿನ ಮಾತು. ಯಾವ ಧಣಿಯೂ ಅದನ್ನು ಹೇಳಿಕೊಟ್ಟಿರಲಿಲ್ಲ, ಯಾವ ಧಣಿಯೂ ಇಲ್ಲವೆಂದಿರಲಿಲ್ಲ.

ಇವತ್ತು ಗೇಟಿನಲ್ಲಿ ಮೇಸ್ತ್ರಿಯ ಪಕ್ಕ ಹೊಸ ಸಾಹೇಬನೊಬ್ಬ ನಿಂತಿದ್ದ. ಬಿಳಿ ಹೆಲ್ಮೆಟ್ಟು, ಬಿಳಿ ಅಂಗಿ, ಮೂಗಿಗೂ ಬಿಳಿ ಬಟ್ಟೆ. ಬಂದರನ್ನು ಹಸಿರು ಮಾಡಲು ಬಂದವನಂತೆ.

“ಇದನ್ನ ಏನ್ ಮಾಡ್ತೀಯಮ್ಮಾ?” ಎಂದ ಸಾಹೇಬ.

“ಒಲೆಗೆ ಸ್ವಾಮಿ. ಅತ್ತೆಗೆ ದಮ್ಮು. ಬಿಸಿನೀರು ಕುಡಿಸ್ದೇ ಇದ್ರೆ ಕಫ ಕದಲಲ್ಲ.”

“ಈ ಹೊಗೆಯಿಂದಾನೇ ಭೂಮಿ ಕಾಯ್ತಾ ಇರೋದು. ಎಲ್ಲೋ ಮಂಜುಗಡ್ಡೆ ಕರಗುತ್ತೆ, ಇಲ್ಲಿ ಸಮುದ್ರ ಏರುತ್ತೆ. ಕೊನೆಗೆ ನೀರು ನುಗ್ಗೋದು ನಿಮ್ಮ ಮನೆಗೇನೇ. ಗೊತ್ತಾ?”

ಅವನ ಬೆನ್ನ ಹಿಂದೆ ಒಂದು ಬೀದಿಯಷ್ಟು ಉದ್ದದ ಹಡಗು ಬೆಳಗಿನಿಂದ ಕಲ್ಲಿದ್ದಲು ಕಕ್ಕುತ್ತಲೇ ಇತ್ತು. ಅದರ ಕೊಳವೆಯ ಹೊಗೆ ಅವನ ಬಿಳಿ ಹೆಲ್ಮೆಟ್ಟಿನ ಮೇಲೇ ಹಾದುಹೋಗುತ್ತಿತ್ತು.

“ಹಾಗಾದ್ರೆ ಅದು, ಸ್ವಾಮಿ?”

“ಅದು ಬೇರೆ. ಅದು ದೇಶ ನಡೆಯೋಕೆ ಬೇಕು.”

“ಸಾಹೇಬ್ರಿಗೇ ಎದುರು ಮಾತಾಡ್ತೀಯೇನೇ ಬೋಸುಡಿ? ಸುರಿ ಅಲ್ಲಿ. ಮಡಿಲು ಕೊಡವಿ ತೋರ್ಸು!” ಮೇಸ್ತ್ರಿ ಗದರಿದ.

ಕರಿಯಕ್ಕ ಗಂಟು ಬಿಚ್ಚಿ ತನ್ನ ಕೈಯಾರೆ ಸುರಿದಳು. ಎಲ್ಲರ ಕಣ್ಣೆದುರು ಮಡಿಲು ಕೊಡವಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋದ ಮೇಲೆ ಸಿಟ್ಟಿಗೂ ನೆಟ್ಟಗೆ ನಿಲ್ಲಲು ಬರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದುಕೊಂಡು ಮನೆ ಕಡೆ ಕಾಲೆಳೆದಳು.

ಮನೆಯೊಳಗೆ ನೀರು ಪಾದ ಮುಳುಗುವಷ್ಟಿತ್ತು. ದೊಡ್ಡ ಹಡಗುಗಳಿಗೆಂದು ಕಡಲೊಳಗೆ ಉದ್ದ ಗೋಡೆ ಕಟ್ಟಿದಂದಿನಿಂದ, ಅದಕ್ಕೆ ಬಡಿದ ಅಲೆಗಳೆಲ್ಲ ಮುಖ ತಿರುಗಿಸಿಕೊಂಡು ಈ ಕೇರಿಗೇ ಬರುತ್ತವೆ. ಮೊದಲು ವರ್ಷಕ್ಕೊಮ್ಮೆ ಬರುತ್ತಿದ್ದ ನೀರು ಈಗ ಹುಣ್ಣಿಮೆ ಅಮಾವಾಸ್ಯೆ ತಪ್ಪಿಸುವುದಿಲ್ಲ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಅತ್ತೆಯನ್ನು ಮಲಗಿಸಿದ್ದಳು. ಆಯುಸ್ಸಿಡೀ ಗುಡಿಸಿದ ಇದ್ದಲಿನ ಪುಡಿ ಮುದುಕಿಯ ಎದೆಯಲ್ಲಿ ಕೂತು ಈಗ ಕೊರ್ ಕೊರ್ ಎನ್ನುತ್ತಿತ್ತು.

“ನೀರು ಕಾಯ್ಸೇ,” ಎಂದಳು ಅತ್ತೆ.

“ಇದ್ದಲು ಕಿತ್ಕೊಂಡ್ರು ಅತ್ತೆ. ನಮ್ಮ ಒಲೆಯಿಂದ್ಲೇ ಸಮುದ್ರ ಉಕ್ತಾ ಇದ್ಯಂತೆ.”

ಮುದುಕಿ ನಗಲು ಹೋಗಿ ಕೆಮ್ಮಿದಳು. “ಥೂ, ಇದೇ ಒಲೇಲಿ ಒಂದಿನ ಪಾತ್ರೆ ತುಂಬ ಅನ್ನ ಉಕ್ಲಿಲ್ಲ, ಸಮುದ್ರ ಉಕ್ತಾ? ಆಗ ಕೆಲಸಕ್ಕೇಂತ ನಾವು ಸಮುದ್ರದ ಹತ್ರ ಹೋಗ್ತಿದ್ವಿ. ಈಗ ಅದೇ ಬರ್ತಿದೆ, ಬೀಗರ ಹಾಗೆ. ಬಂದ್ರೆ ಏಳೋದೇ ಇಲ್ಲ.” ಮತ್ತೆ ಕೆಮ್ಮು. “ನಾಳೆ ಹುಣ್ಣಿಮೆ ಕಣೇ. ಈ ಮಂಚ ನಿಲ್ಲಲ್ಲ. ಆ ದಿಬ್ಬದ ಮೇಲೆ ಯಾವಾಗ ಹೋಗೋದು?”

ದಿಬ್ಬ ಬಂದರಿನ ಗೇಟಿನ ಒಳಗೇ ಇತ್ತು. ಬೇಸಿಗೆಯಿಡೀ ಈ ಹೆಂಗಸರೇ ಬುಟ್ಟಿಯಲ್ಲಿ ಮಣ್ಣು ಹೊತ್ತು ಏರಿಸಿದ್ದು. ಯಾರಿಗೆ ಈ ಜಾಗ ಎಂದು ಕೇಳಿದಾಗ “ನಿಮ್ಮ ಒಳ್ಳೇದಕ್ಕೇ ಕಣ್ರೇ, ಹೊರ್ರಿ” ಎಂದಿದ್ದ ಮೇಸ್ತ್ರಿ. ಬಡವರ ಕಿವಿ, ತನಗೆ ಬೇಕಾದ್ದನ್ನು ಕೇಳಿಸಿಕೊಂಡಿತು. ಸವೆದ ಪೊರಕೆಯ ಕೋಲು ನೆಟ್ಟು ಒಬ್ಬೊಬ್ಬಳು ಒಂದೊಂದು ಮನೆಯಷ್ಟು ಜಾಗ ಗುರುತು ಮಾಡಿಕೊಂಡಿದ್ದಳು. ಅತ್ತೆಯ ಮಂಚ ಬರುವ ಕಡೆ ಕರಿಯಕ್ಕ ಮಣ್ಣನ್ನು ಹಿಮ್ಮಡಿಯಲ್ಲಿ ತುಳಿದು ಗಟ್ಟಿ ಮಾಡಿದ್ದಳು.

ಮರುದಿನ ಕೆಲಸಕ್ಕೆ ಹೋದರೆ ದಿಬ್ಬದ ಮೇಲೆ ಹುಲ್ಲು ಹಾಸುತ್ತಿದ್ದರು, ಚಾಪೆ ಹಾಸಿದ ಹಾಗೆ. ಸಣ್ಣ ಸಣ್ಣ ಗಿಡ, ದೊಡ್ಡದೊಂದು ಬೋರ್ಡು, ಅತಿಥಿಗಳಿಗೆ ಕುರ್ಚಿ. ಪೊರಕೆ ಕೋಲುಗಳನ್ನೆಲ್ಲ ಕಿತ್ತು ಮೂಲೆಗೆ ಎಸೆದಿದ್ದರು.

“ಇದೇನ್ ಮೇಸ್ತ್ರಿ? ನಮ್ಮ ಜಾಗ?” ಬಾಯಿಬಡುಕಿ ಎಂದೇ ಹೆಸರಾದ ಪಕ್ಕದ ಮನೆಯವಳು ಕೇಳಿದಳು.

“ನಿಮ್ಮಪ್ಪನ ಜಾಗ! ಉದ್ಯಾನ ಕಣೇ ಇದು. ಹಡಗಿನ ಹೊಗೆ ಕುಡಿಯೋಕೆ ಗಿಡ.”

“ನಮಗೇ ಅಂದಿದ್ರಿ?”

“ಒಳ್ಳೇದಕ್ಕೆ ಅಂದೆ. ಗಾಳಿ ಚೆನ್ನಾಗಿದ್ರೆ ನಿಮಗೂ ಒಳ್ಳೇದಲ್ವಾ? ಇವತ್ತು ಅತಿಥಿಗಳು ಬರೋವಾಗ ನಿಮ್ಮ ಮಸಿ ಮೋರೆ ಈ ಕಡೆ ಕಾಣ್ಬಾರ್ದು. ನಡೀರಿ.”

ಎಲ್ಲರೂ ಪಟ್ಟಿಯ ಕೆಳಗೆ ಹೋಗಿ ಬಗ್ಗಿದರು. ಕರಿಯಕ್ಕ ಗುಡಿಸಿದಳು, ಅಭ್ಯಾಸಬಲದಿಂದ ತಲೆಬಟ್ಟೆ ತುಂಬಿ ಗಂಟೂ ಕಟ್ಟಿದಳು. ಕಟ್ಟಿದ ಮೇಲೆ ನೆನಪಾಯಿತು, ಇದನ್ನು ಒಯ್ಯುವ ಹಾಗಿಲ್ಲ. ಸುರಿಯಲು ಮನಸ್ಸಾಗಲಿಲ್ಲ. ಪಟ್ಟಿ ಹೊತ್ತ ಕಂಬದ ಬುಡದಲ್ಲಿ ಇಟ್ಟಳು.

ಬಿಸಿಲು ಇಳಿಯುವ ಹೊತ್ತಿಗೆ ಕೇರಿಯಿಂದ ಕೂಗು ಕೇಳಿಸಿತು. ಹೆಂಗಸರು ಪೊರಕೆ ಬಿಸಾಕಿ ಓಡಿದರು. ಬಾಗಿಲಲ್ಲಿ ಪಾತ್ರೆಗಳು ತೇಲುತ್ತಿದ್ದವು. ನೀರು ಮಂಚದ ಹಗ್ಗ ಮುಟ್ಟಿತ್ತು. ಮುದುಕಿ ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನೀರು ಕಾಯಿಸುವ ಚೊಂಬನ್ನು ಎದೆಗೆ ಅವುಚಿಕೊಂಡಿದ್ದಳು.

“ಎಲ್ಲಿಗೇ ಒಯ್ಯೋದು?” ಎಂದಳು ಬಾಯಿಬಡುಕಿ.

“ತುಳಿದು ಗಟ್ಟಿ ಮಾಡಿದ್ದೀನಲ್ಲ, ಅಲ್ಲಿಗೆ,” ಎಂದಳು ಕರಿಯಕ್ಕ.

ನಾಲ್ವರು ಹೆಂಗಸರು ಮಂಚಕ್ಕೆ ಹೆಗಲು ಕೊಟ್ಟರು. ಅತಿಥಿಗಳಿಗೆಂದು ಗೇಟು ತೆರೆದೇ ಇತ್ತು. ಕಾವಲುಗಾರ ಹೆಣವೆಂದುಕೊಂಡು ದಾರಿ ಬಿಟ್ಟ. ಮಂಚದ ಮೇಲಿನ ಹೆಣ ಕೆಮ್ಮಿದಾಗ ಅವರಾಗಲೇ ದಿಬ್ಬ ಏರಿದ್ದರು.

ಕುರ್ಚಿಯವರು ಎದ್ದು ನಿಂತರು. ಸಾಹೇಬ ಮೂಗಿನ ಬಟ್ಟೆ ಕೆಳಗಿಳಿಸಿ “ಏನಿದು? ಯಾರಿವರು?” ಎಂದ. ಕರಿಯಕ್ಕ ಯಾರನ್ನೂ ನೋಡಲಿಲ್ಲ. ಹಿಮ್ಮಡಿಯಿಂದ ಹುಲ್ಲು ಸರಿಸಿ ತನ್ನ ಗಟ್ಟಿ ನೆಲ ಹುಡುಕಿ ಮಂಚ ಇಳಿಸಿದಳು. ಗಿಡದ ಪಾತಿಯಿಂದ ಮೂರು ಕಲ್ಲು ಕಿತ್ತು ಒಲೆ ಹೂಡಿದಳು. ಕಂಬದ ಬುಡದಿಂದ ಗಂಟು ತಂದಳು. ಗೇಟು ದಾಟಿಸಿದರೆ ತಾನೇ ಕಳ್ಳತನ? ಮೂಲೆಯಲ್ಲಿ ಬಿದ್ದಿದ್ದ ತನ್ನ ಪೊರಕೆ ಕೋಲನ್ನೇ ಮುರಿದು ಕಿಚ್ಚು ಹೊತ್ತಿಸಿದಳು. ಗಿಡಕ್ಕೆ ಬಿಡುವ ಕೊಳಾಯಿ ನೀರನ್ನು ಅತ್ತೆಯ ಚೊಂಬಿಗೆ ತುಂಬಿ ಮೇಲಿಟ್ಟಳು.

“ಆರ್ಸೇ! ಯಾವಳಪ್ಪಂದೇ ಈ ಜಾಗ?” ಮೇಸ್ತ್ರಿ ಕೋಲೆತ್ತಿಕೊಂಡು ಬಂದ.

“ಈ ಮಣ್ಣು ಎಲ್ಲಿಂದ ಬಿತ್ತು ಮೇಸ್ತ್ರಿ?” ಅವಳ ದನಿ ಏರಲಿಲ್ಲ. ಏರಿಸುವ ತ್ರಾಣ ಇರಲಿಲ್ಲ. “ನಮ್ಮ ತಲೆ ಮೇಲಿಂದ. ಬಿದ್ದದ್ದು ಬಗ್ಗಿದವಳಿಗೆ.”

ಎತ್ತಿದ ಕೋಲು ಇಳಿಯಿತು. ಅವಳ ಹೆಗಲಿಗೆ ಬಿತ್ತು. ಕರಿಯಕ್ಕ ಒಲೆಯ ಮೇಲೆ ಇನ್ನಷ್ಟು ಬಗ್ಗಿ ಊದಿದಳು. ಬಾಯಿಬಡುಕಿ ಮೂಲೆಯಿಂದ ತನ್ನ ಕೋಲು ಹೆಕ್ಕಿ ತಂದು ಹುಲ್ಲಿನಲ್ಲಿ ಚುಚ್ಚಿದಳು. ಅವಳ ಹಿಂದೆ ಇನ್ನೊಬ್ಬಳು. ಕೇರಿಯ ಉಳಿದವರು ತಲೆಯ ಮೇಲೆ ಪಾತ್ರೆ ಹೊತ್ತು ಗೇಟಿನೊಳಗೆ ಬರುತ್ತಿದ್ದರು.

“ನೀರು ಕಾಯ್ತೇನೇ?” ಎಂದಳು ಮುದುಕಿ.

“ಕಾಯ್ತಿದೆ ಅತ್ತೆ,” ಎಂದಳು ಕರಿಯಕ್ಕ. ಮೇಸ್ತ್ರಿ ಮತ್ತೆ ಕೋಲೆತ್ತಿದ.