ಪರದೆಯಿಂದ ಮಾಯವಾದ ಅಜ್ಜಿ

ನಾಬುಕೆನ್ಯಾಳ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಲಕ್ವ ಹೊಡೆದವರನ್ನು ಮತ್ತೆ ಓಡಾಡುವಂತೆ ಮಾಡುವ ಅವಳ ಸಂಶೋಧನೆಗೆ ಹಣ, ಜೊತೆಗೆ ಆರು ತಿಂಗಳು ಹೊರದೇಶದ ವಿಶ್ವವಿದ್ಯಾಲಯದಲ್ಲಿ ಕಲಿಯುವ ಅವಕಾಶ, ಎರಡೂ ಲ್ಯಾಪ್‌ಟಾಪಿನ ಪರದೆಯಲ್ಲಿ ಕೂತಿದ್ದ ಮೂವರ ಕೈಯಲ್ಲಿದ್ದವು. ಎರಡು ಸಲ ಅರ್ಜಿ ವಾಪಸಾಗಿತ್ತು. ಮುಂದಿನ ವರ್ಷಕ್ಕೆ ವಯಸ್ಸಿನ ಮಿತಿಯೂ ದಾಟುತ್ತಿತ್ತು.

"ರೋಗಿ ಹತ್ತು ಹೆಜ್ಜೆ ನಡೀಲಿ, ನೋಡೋಣ," ಎಂದರು ಸಮಿತಿಯ ಅಧ್ಯಕ್ಷೆ.

ರೋಗಿ ಎಂದರೆ ಮಸಾಕಾ ಊರಿನ ನಾಲುಬೇಗಾ ಅಜ್ಜಿ. ಎಂಟು ತಿಂಗಳ ಹಿಂದೆ ಎಡಭಾಗ ಬಿದ್ದುಹೋಗಿತ್ತು. ಇವತ್ತು ಹಬ್ಬಕ್ಕೆ ತೊಡುವ ನೆಲಮುಟ್ಟುವ ಗೋಮೆಸಿ ನಿಲುವಂಗಿ ತೊಟ್ಟು, ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು ಬಂದಿದ್ದಳು.

"ಅಜ್ಜಿ, ಬಾಗಿಲ ತನಕ ಹೋಗಿ ಬನ್ನಿ. ಬೇರೇನೂ ಬೇಡ," ಎಂದಳು ನಾಬುಕೆನ್ಯಾ.

"ಮುಖ ಕಂಡ ಮೇಲೆ ಮಾತಾಡಿಸದೆ ಬೆನ್ನು ತೋರಿಸೋದಾ? ನಿಮ್ಮಮ್ಮ ಇದನ್ನೇ ಕಲಿಸಿದ್ಲಾ?"

ಅಜ್ಜಿ ಎರಡು ಹೆಜ್ಜೆ ಇಟ್ಟಳು, ಲ್ಯಾಪ್‌ಟಾಪಿನಲ್ಲಿದ್ದ ದೊಡ್ಡವರತ್ತ ತಿರುಗಿದಳು. ಮರುಕ್ಷಣವೇ ಅವರ ಪರದೆಯಿಂದ ಮಾಯ!

"ಬಿದ್ರು! ಯಾರಾದ್ರೂ ಹಿಡೀರಿ!" ಆ ಕಡೆಯಿಂದ ಕೂಗೆದ್ದಿತು.

ಬಿದ್ದಿರಲಿಲ್ಲ. ನಮ್ಮ ಬುಗಾಂಡದ ಹೆಂಗಸು ನಿಂತುಕೊಂಡೇ ಕುಶಲ ಕೇಳುವುದುಂಟೇ? ಅಜ್ಜಿ ಕ್ಯಾಮೆರಾಕ್ಕೆ ಕಾಣದ ನೆಲದಲ್ಲಿ ಮಂಡಿಯೂರಿ, ಮೂವರ ಮನೆಮಂದಿಯನ್ನೂ ಸಾವಕಾಶವಾಗಿ ವಿಚಾರಿಸುತ್ತಿದ್ದಳು. ನಾಬುಕೆನ್ಯಾ ಎತ್ತಲು ಓಡಿದಳು.

"ಮುಟ್ಬೇಡ!" ಎಂದು ಗದರಿ, ಬಲಗೈ ನೆಲಕ್ಕೂರಿ, ನಡುಗುತ್ತ ನಡುಗುತ್ತ ಅಜ್ಜಿ ತಾನೇ ಎದ್ದು ನಿಂತಳು.

"ಇದನ್ನ ಯಾರು ಕಲಿಸಿದ್ರು ಅಜ್ಜಿ?"

"ಯಾರು ಕಲಿಸ್ತಾರೆ? ದಿನಾ ಬೆಳಿಗ್ಗೆ ಬಾಳೆಗಿಡ ಹಿಡ್ಕೊಂಡು ಕೂತೆ, ಎದ್ದೆ. ನೀನು ಕುರ್ಚಿಯಿಂದ ಏಳೋದು ಕಲಿಸ್ದೆ. ನಮ್ಮನೇಲಿ ಕುರ್ಚಿ ಗಂಡಸರದ್ದು ಕಣೇ. ಮಂಡಿಯೂರೋಕೆ ಆಗ್ದೆ ಇಷ್ಟು ದಿನ ನಾನು ಯಾರ ಮನೆ ಬಾಗಿಲೂ ತುಳಿದಿಲ್ಲ."

ನಾಬುಕೆನ್ಯಾಳಿಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ತಾನೂ ದಿನಾ ಅತ್ತೆಯ ಮುಂದೆ ಮಂಡಿಯೂರುವವಳೇ. ರೋಗಿಗಳಿಗೂ ಅದು ಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಅಜ್ಜಿ ಎದ್ದದ್ದನ್ನು ಕಂಡು ಅಧ್ಯಕ್ಷೆ, "ಒಳ್ಳೆ ಚಿಕಿತ್ಸೆ," ಎಂದರು. ನಾಬುಕೆನ್ಯಾ ಹೂಂ ಅಂದಿದ್ದರೆ ಕೆಲಸ ಆಗಿಹೋಗುತ್ತಿತ್ತು.

"ನನ್ನದಲ್ಲ ಮೇಡಂ. ಇವರೇ ಕಲ್ತಿದ್ದು. ನನ್ನ ಪರೀಕ್ಷೆಗಳಲ್ಲಿ ಮಂಡಿಯೂರೋದೇ ಇಲ್ಲ."

"ಹಾಗಾದ್ರೆ ಇಲ್ಲಿಗೆ ಬಂದು ಏನು ಕಲೀತೀರಿ?"

"ಮೊದಲು ಇವರ ಹತ್ರ ಕಲೀಬೇಕು. ಆಮೇಲೂ ಕರೆದ್ರೆ ಬರ್ತೀನಿ."

ಅಧ್ಯಕ್ಷೆ ಅಕ್ಕಪಕ್ಕದವರೊಡನೆ ಪಿಸುಗುಟ್ಟಿದರು. "ಹಣ ಕೊಡ್ತೀವಿ. ಮೊದಲು ನಾನೇ ಅಲ್ಲಿಗೆ ಬರ್ತೀನಿ. ಆಮೇಲೆ ನೀವು."

ನಾಬುಕೆನ್ಯಾ ಕಣ್ಣೊರೆಸಿಕೊಂಡು ಅಜ್ಜಿಗೆ ಅವಳ ಭಾಷೆಯಲ್ಲಿ ತಿಳಿಸಿದಳು.

"ಬರ್ಲಿ, ಬರ್ಲಿ. ಮನೇಲಿ ಎಲ್ಲಾ ಹೇಗಿದ್ದಾರೆ ಅಂತ ಆಗ್ಲೇ ಕೇಳಿದ್ನಲ್ಲ, ಏನಂದ್ರು?"

ಪ್ರಶ್ನೆ ಆ ಕಡೆಗೆ ಹೋಯಿತು. ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮ ಹಾಸಿಗೆ ಹಿಡಿದಿದ್ದಾರೆ ಅಂತ ಹೇಳಿ. ಇಲ್ಲಿ ಯಾರೂ ಕೇಳಿರ್ಲಿಲ್ಲ."