ತೌಡು ಹಸುವಿಗೆ, ಹಾಲು ಡೈರಿಗೆ

ಕೊಟ್ಟಿಗೆಯಲ್ಲಿ ಕಾಲು ಜಾರಿ ಕೈಯೂರಿದ್ದಷ್ಟೇ, ಮಹಾಲಕ್ಷ್ಮಮ್ಮನ ಮಣಿಕಟ್ಟು ಮುರಿಯಿತು. ಮೂಳೆ ಸವೆದಿದೆ, ಇನ್ನೊಮ್ಮೆ ಬಿದ್ದರೆ ಸೊಂಟವೇ ಹೋದೀತು ಎಂದರು ಗುಬ್ಬಿಯ ಡಾಕ್ಟರು. ಕುಣಿಗಲ್ಲಿಗೆ ಕೊಟ್ಟ ಮಗಳು ದೀಪಿಕಾ ಬಾಣಂತನಕ್ಕೆ ಬರಲು ಮೂರು ತಿಂಗಳಿತ್ತು. ಮೊದಲ ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವವರು ಯಾರು? ಆಕೆಗೆ ಅದೊಂದೇ ಚಿಂತೆ.

ಪಕ್ಕದ ಮನೆಯ ಕೋಮಲಾ ನೋಡಲು ಬಂದಳು. ತುಮಕೂರಿನ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಊಟದ ಪಥ್ಯ ಹೇಳುವುದು ಅವಳ ಕೆಲಸ.

"ಕ್ಯಾಲ್ಸಿಯಂ ಕಮ್ಮಿಯಂತೆ ಕಣೇ! ಹಲ್ಲು ಬಂದಾಗಿಂದ ಮುದ್ದೆ ಉಂಡೋಳಿಗೆ!" ಮಹಾಲಕ್ಷ್ಮಮ್ಮ ರೇಗಿದರು.

"ರಾಗಿ ಒಳ್ಳೇದೇ ದೊಡ್ಡಮ್ಮ. ತೂಕಕ್ಕೆ ತೂಕ ನೋಡಿದ್ರೆ ಹಾಲಿಗಿಂತ ಸುಮಾರು ಮೂರು ಪಟ್ಟು ಕ್ಯಾಲ್ಸಿಯಂ ರಾಗೀಲೇ ಇದೆ."

"ಕೇಳ್ಸ್ಕೊಂಡ್ರಾ!" ಆಕೆ ಗಂಡನತ್ತ ಪ್ಲಾಸ್ಟರಿನ ಕೈಯನ್ನೇ ಎತ್ತಿದರು.

"ಪೂರ್ತಿ ಕೇಳೇ, ಆಮೇಲೆ ಕುಣಿಯುವಂತೆ," ಎಂದರು ಸದಾಶಿವಯ್ಯ.

"ಆದ್ರೆ ರಾಗೀಲಿ ಇರೋದೆಲ್ಲ ಮೈಗೆ ಹತ್ತಲ್ಲ," ಎಂದಳು ಕೋಮಲಾ. "ಕಾಳಲ್ಲಿರೋ ಫೈಟೇಟ್ ಅನ್ನೋ ಅಂಶ ಒಂದಷ್ಟನ್ನ ಹಿಡ್ಕೊಳ್ಳುತ್ತೆ. ಮೊಳಕೆ ಕಟ್ಟಿದ್ರೆ ಹಿಡಿತ ಸಡಿಲ ಆಗುತ್ತೆ. ಹಾಲಲ್ಲಿ ಆ ತಕರಾರಿಲ್ಲ. ಅದಕ್ಕೇ ಎರಡೂ ಬೇಕು. ಅಂದ್ಹಾಗೆ, ಹಿಟ್ಟು ಹೆಂಗೆ ಜರಡಿ ಹಿಡೀತೀರ?"

"ಬಟ್ಟೇಲಿ ಸೋಸ್ತೀನಿ. ನನ್ನ ಮುದ್ದೆ ಬೆಣ್ಣೆ ಇದ್ದಂಗೆ, ಊರಲ್ಲಿ ಕೇಳು."

"ಉಳಿದ ತೌಡು?"

"ಹಸೂಗೆ."

"ಹಸು ಕೊಟ್ಟ ಹಾಲು?"

"ಡೈರಿಗೆ. ಕಾಫಿಗೆ ಒಂದು ಲೋಟ ಉಳಿಸ್ತೀವಿ."

"ರಾಗಿ ಕ್ಯಾಲ್ಸಿಯಂನ ದೊಡ್ಡ ಪಾಲು ಇರೋದು ಆ ತೌಡಿನ ಸಿಪ್ಪೇಲೇ ದೊಡ್ಡಮ್ಮ."

ಸದಾಶಿವಯ್ಯ ಗಹಗಹಿಸಿದರು. "ತೌಡು ತಿಂದ ಹಸು ಗಟ್ಟಿ, ಹಾಲು ಕುಡಿದ ಪೇಟೆಯೋರು ಗಟ್ಟಿ, ನನ್ನ ಹೆಂಡ್ತಿ ಮಾತ್ರ ಪಟಕ್!"

"ಡೈರಿಗೆ ಕ್ಯಾನು ಹೊತ್ಕೊಂಡು ಓಡೋರು ನೀವೇ ಅಲ್ವಾ? ಕಿಸೀಬೇಡಿ!" ಎಂದ ಮಹಾಲಕ್ಷ್ಮಮ್ಮ ದನಿ ತಗ್ಗಿಸಿದರು. "ಇವನ್ನೆಲ್ಲ ತಿಂದ್ರೆ ಮಗೂಗೆ ನೀರು ಹಾಕೋ ಹೊತ್ತಿಗೆ ಮೂಳೆ ಗಟ್ಟಿಯಾಗುತ್ತೇನೇ?"

ಕೋಮಲಾ ಸುಳ್ಳು ಭರವಸೆ ಕೊಡಲಿಲ್ಲ. "ಮುರಿದಿದ್ದು ಕೂಡುತ್ತೆ. ಸವೆದಿದ್ದು ಅಷ್ಟು ಬೇಗ ತುಂಬಲ್ಲ. ಊಟ ಒಂದೇ ಸಾಲ್ದು, ಡಾಕ್ಟರ್ ಕೊಟ್ಟ ಮಾತ್ರೆ ಬಿಡ್ಬೇಡಿ, ಬಿಸಿಲಲ್ಲಿ ಓಡಾಡಿ. ನೀರು ಹಾಕುವಾಗ ಪಕ್ಕದಲ್ಲಿ ನಾನೂ ಇರ್ತೀನಿ. ಅದಿರ್ಲಿ, ದೀಪಿಕಾ ಹಾಲು ಕುಡೀತಾಳಾ? ಹೊಟ್ಟೇಲಿರೋ ಮಗೂಗೂ ಮೂಳೆ ಬೆಳೀಬೇಕಲ್ಲ."

ಮಹಾಲಕ್ಷ್ಮಮ್ಮ ಬೆಚ್ಚಿದರು. "ಅಯ್ಯೋ, ಬಟ್ಟೇಲಿ ಸೋಸೋದನ್ನ ಅವಳಿಗೆ ಕಲಿಸಿದ್ದೇ ನಾನು! ಫೋನ್ ಹಾಕೇ."

ಇನ್ನು ಹಿಟ್ಟು ಸೋಸಬೇಡ ಎಂದಿದ್ದಕ್ಕೆ ಅತ್ತಲಿಂದ ದೀಪಿಕಾ ನಕ್ಕಳು. "ಮುದ್ದೆ ಒರಟಾದ್ರೆ ನಮ್ಮತ್ತೆ ಏನಂತಾರಮ್ಮ?"

"ಅತ್ತೆ ಕೈಗೆ ಫೋನ್ ಕೊಡು. ನಾನು ಮಾತಾಡ್ತೀನಿ!"

ಮರುದಿನ ಡೈರಿಗೆ ಹೋದ ಕ್ಯಾನು ಹಗುರವಾಗಿತ್ತು. ಮಧ್ಯಾಹ್ನ ಸದಾಶಿವಯ್ಯ ತೌಡು ಬೆರೆತ ಮುದ್ದೆಯ ಮೊದಲ ತುತ್ತು ನುಂಗಿ, "ಸ್ವಲ್ಪ ಒರಟು," ಎಂದರು. ಆಮೇಲೆ ಸೊಪ್ಪಿನ ಸಾರಿಗೆ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಓದುಗರೇ, ನಿಮ್ಮ ಮನೆಯ ತೌಡು, ಹಾಲು ಎಲ್ಲಿಗೆ ಹೋಗುತ್ತಿವೆ? ಇಂದೇ ನೋಡಿ. ರಾಗಿ ಹಿಟ್ಟನ್ನು ತೌಡಿನ ಸಮೇತ ಬಳಸಿ, ಆಗಾಗ ಮೊಳಕೆ ಕಟ್ಟಿ. ಗರ್ಭಿಣಿಯರು ಆರೋಗ್ಯ ಕೇಂದ್ರದಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ. ಹಾಲನ್ನು ಡೈರಿಗೆ ಒಯ್ಯುವ ಮೊದಲು ಮನೆಯವರ ಪಾಲನ್ನು ಎತ್ತಿಡಿ. ಆ ಪಾಲಿನಲ್ಲಿ ಮೊದಲು ಹೆಂಗಸರ ಲೋಟ ತುಂಬಲಿ.