ಮತ್ತೆ ಕರೆಸಿದ್ದು

ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಲ್ಯಾಬಿಗೆ ಸೇರಿ ನನಗೆ ಆಗ ಎರಡು ತಿಂಗಳು. ಅರವತ್ತನಾಲ್ಕು ವರ್ಷದ ಹೆಂಗಸೊಬ್ಬರ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಕೆಟ್ಟದ್ದೇನೂ ಕಾಣದೆ, 'ದೋಷವಿಲ್ಲ' ಎಂದು ಬರೆದೆ. ನನ್ನ ಕೆಲಸವನ್ನು ಇನ್ನೊಮ್ಮೆ ನೋಡುತ್ತಿದ್ದ ಹಿರಿಯ ಅಕ್ಕ ಅದನ್ನು ಹೊಡೆದುಹಾಕಿದರು.

"ಇದರಲ್ಲಿ ಜೀವಕೋಶಗಳೇ ಸಾಲದು ಕಣೇ. ಖಾಲಿ ಮನೆಗೆ ಇಣುಕಿ, ಒಳಗೆ ಎಲ್ಲರೂ ಕ್ಷೇಮ ಅಂದ ಹಾಗಾಯ್ತು ನಿನ್ನ ಕಥೆ!"

ಮುಟ್ಟು ನಿಂತವರಲ್ಲಿ ಒಳಗೆ ಒಣಗಿರುವುದರಿಂದ ಎಷ್ಟೋ ಸಲ ಮಾದರಿ ಸರಿಯಾಗಿ ಸಿಗುವುದಿಲ್ಲ, ಕೆಲವು ವಾರ ಹಾರ್ಮೋನ್ ಮುಲಾಮು ಹಚ್ಚಿಸಿ ಮತ್ತೆ ತೆಗೆಯಬೇಕು ಎಂದರು. ತಿಂಗಳ ಮೇಲೆ ಆ ಹೆಂಗಸು ಮತ್ತೆ ಮಾದರಿ ಕೊಡಲು ಪಕ್ಕದ ಕೋಣೆಗೆ ಗೊಣಗುತ್ತಲೇ ಬಂದರು: "ಈ ವಯಸ್ಸಲ್ಲಿ ಇದೆಲ್ಲ ಎರಡೆರಡು ಸಲ ಬೇಕಿತ್ತಾ ತಾಯಿ?"

ಎರಡನೇ ಸ್ಲೈಡಿನಲ್ಲಿ ಮುಂದೆ ಕ್ಯಾನ್ಸರ್ ಆಗಬಹುದಾದ ಕೋಶಗಳು ಕಂಡವು. ಸಣ್ಣ ಚಿಕಿತ್ಸೆಯಲ್ಲೇ ಗುಣವಾಯಿತು.

ಆಮೇಲೊಂದು ದಿನ ಅವರು ಲ್ಯಾಬಿನ ಬಾಗಿಲಿಗೆ ಬಂದು ನನ್ನ ಎರಡೂ ಕೈ ಹಿಡಿದರು. "ನೀನೇ ಅಲ್ವೇನಮ್ಮ ನನ್ನನ್ನ ಮತ್ತೆ ಕರೆಸಿದ್ದು?"

ಸುಮ್ಮನಿದ್ದುಬಿಡಬಹುದಿತ್ತು. "ನಾನಲ್ಲಮ್ಮ. ನಾನು ಏನೂ ಇಲ್ಲ ಅಂತ ಬರೆದುಬಿಟ್ಟಿದ್ದೆ. ಕರೆಸಿದ್ದು ಅವರು," ಎಂದು ಅಕ್ಕನತ್ತ ತೋರಿಸಿದೆ.

ಅಕ್ಕ ಮೈಕ್ರೋಸ್ಕೋಪಿನಿಂದ ತಲೆ ಎತ್ತಲಿಲ್ಲ. "ಈಗ ಒಂದೊಂದು ಸ್ಲೈಡನ್ನೂ ನನಗಿಂತ ಹೆಚ್ಚು ಹೊತ್ತು ನೋಡ್ತಾಳೆ. ಊಟಕ್ಕೆ ಎಬ್ಬಿಸೋದೇ ಕಷ್ಟ."

ಆ ಹೆಂಗಸು ನಕ್ಕರು. ನನ್ನ ಕೈಗಳನ್ನು ಮಾತ್ರ ಬಿಡಲಿಲ್ಲ.